ಮುಳ್ಳಿನ ಸುತ್ತ ನೆರೆದವರು

ನಾಸಿಕ್‌ಗೆ ಬಂದು 16 ವರ್ಷವಾಯಿತು. ಊರು ಗದಗ ಜಿಲ್ಲೆಯ ರೋಣ. ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದಿದೆ, ಇಲ್ಲಿ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಉಳಿದುಬಿಟ್ಟೆ. ಯುಗಾದಿಗೆ ಸೇರುವ ಕನ್ನಡದವರು ಏನು ಕೆಲಸ ಎಂದು ಕೇಳಿದರೆ, ಬೇರೆಯವರ ರಕ್ತ ನೋಡುವ ಕೆಲಸ ಎನ್ನುತ್ತೇನೆ. ನಗುತ್ತಾರೆ. 2021ರ ಏಪ್ರಿಲ್‌ನಲ್ಲಿ ಮಾತ್ರ ಯಾರಿಗೂ ನಗು ಬರುತ್ತಿರಲಿಲ್ಲ.

ಆ ತಿಂಗಳು ನಮ್ಮ ಲ್ಯಾಬಿಗೆ ಬರುತ್ತಿದ್ದ ಚೀಟಿಗಳಲ್ಲಿ ನಾಲ್ಕೇ ಹೆಸರು. ಸಿಆರ್‌ಪಿ, ಫೆರಿಟಿನ್, ಡಿ-ಡೈಮರ್, ಐಎಲ್-6. ಆರೋಗ್ಯವಂತರಲ್ಲಿ ಹತ್ತರೊಳಗೆ ಇರಬೇಕಾದ ಸಿಆರ್‌ಪಿ 150, 200 ಎಂದು ಬರುತ್ತಿತ್ತು. ಯಂತ್ರ ಕೆಟ್ಟಿದೆಯೇನೋ ಎಂದು ಮೊದಮೊದಲು ಎರಡು ಸಲ ಓಡಿಸುತ್ತಿದ್ದೆವು. ಆಮೇಲೆ ಅಭ್ಯಾಸವಾಯಿತು. 21ನೇ ತಾರೀಕು ನಮ್ಮ ಊರಿನದೇ ಪಾಲಿಕೆ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಟ್ಯಾಂಕ್ ಸೋರಿ, ಪೂರೈಕೆ ನಿಂತು, 20ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಮರುದಿನವೂ ನಾವು ಲ್ಯಾಬಿಗೆ ಹೋದೆವು.

ಅದೇ ವಾರ ಅಕ್ಕನ ಗಂಡನಿಗೆ, ನಮ್ಮ ಭಾವನಿಗೆ, ಜ್ವರ ಬಂತು. ಅವರಿರುವುದು ಛತ್ರಪತಿ ಸಂಭಾಜಿನಗರದಲ್ಲಿ. ಆಗಿನ್ನೂ ಅದು ಔರಂಗಾಬಾದ್. ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಅವರ ಕೆಲಸ. ಜ್ವರದ ಎರಡನೇ ದಿನ ರಾತ್ರಿ ಭಾವ ಫೋನ್ ಮಾಡಿದರು. ಪಕ್ಕದ ಮನೆಯವರ ಚೀಟಿಯಲ್ಲಿ ಸ್ಟೆರಾಯ್ಡ್ ಮಾತ್ರೆ ಇದೆ, ಕಾಲೊನಿಯಲ್ಲಿ ಎಲ್ಲರೂ ತಗೊಳ್ತಿದ್ದಾರೆ, ನಾನೂ ತಗೊಳ್ಳಲೇ ಎಂದು ಕೇಳಿದರು. ಅವರಿಗೆ ಸ್ವಲ್ಪ ಸಕ್ಕರೆ ಕಾಯಿಲೆಯೂ ಇತ್ತು. ನಾನು ಎರಡು ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದೆ. ತಗೊಳ್ಳಿ ಭಾವ, ಏನಾಗಲ್ಲ ಎಂದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಎಂಟನೇ ದಿನ ಅವರ ಆಮ್ಲಜನಕ 88ಕ್ಕೆ ಇಳಿಯಿತು. ನಿಫಾಡ್, ಯೇವಲಾ, ವೈಜಾಪುರ ದಾಟಿ ನಾನು ತಲುಪುವಷ್ಟರಲ್ಲಿ ಹಾಸಿಗೆ ಸಿಕ್ಕಿತ್ತು. ಯುವ ಡಾಕ್ಟರೊಬ್ಬರು ಹೊರಗೆ ಬಂದು ಮರಾಠಿಯಲ್ಲಿ ವಿವರಿಸಿದರು: ವೈರಸ್ ಈಗ ಕಡಿಮೆಯಾಗುತ್ತಿರಬಹುದು, ಆದರೆ ಶ್ವಾಸಕೋಶದಲ್ಲಿ ದಾಹ ಬಹಳವಿದೆ. ಭಾವನ ತಾಯಿ ಪಕ್ಕದಲ್ಲೇ ನಿಂತಿದ್ದರು. ಮಕ್ಕಳ ಬಾಯಲ್ಲಿ ಅವರು ಅಜ್ಜಿ, ಹಾಗಾಗಿ ನಮಗೂ ಅಜ್ಜಿ. ಲಾಕ್‌ಡೌನ್‌ಗೆ ಸಿಕ್ಕಿಕೊಂಡು ಊರಿಗೆ ಮರಳಲಾಗದೆ ಅಲ್ಲೇ ಉಳಿದಿದ್ದರು. ಮರಾಠಿ ಬರುತ್ತಿರಲಿಲ್ಲ. ಅವರ ಕಿವಿಗೆ ಬಿದ್ದ ಪರಿಚಯದ ಶಬ್ದ ಅದೊಂದೇ. ದಾಹ ಅಂದರೆ ಮಗನಿಗೆ ನೀರಡಿಕೆಯಾಗಿದೆ ಎಂದು ತಿಳಿದರು. ಮನೆಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ಮಾಡಿ ತಂದು, ಒಳಗೆ ಕೊಟ್ಟು ಬಾ ಎಂದು ನನ್ನ ಕೈಗಿಟ್ಟರು. ಮರಾಠಿಯ ದಾಹ ನಮ್ಮ ಬಾಯಾರಿಕೆಯಲ್ಲ, ಉರಿಯೂತ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಒಳಗೆ ಬಿಡುವುದಿಲ್ಲ ಎಂದಷ್ಟೇ ಹೇಳಿದೆ. ಆ ಮಜ್ಜಿಗೆ ಆ ರಾತ್ರಿ ಕಾರಿನಲ್ಲಿ ನಾನೇ ಕುಡಿದೆ.

ಹತ್ತು ರಾತ್ರಿ ಆ ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಮಲಗಿದ್ದೆ. ನಿದ್ದೆ ಬರುತ್ತಿರಲಿಲ್ಲ. ಮೊಬೈಲಿನಲ್ಲಿ ಒಂದು ಹಳೆಯ ಪುಸ್ತಕ ಓದತೊಡಗಿದೆ. ಇಲ್ಯಾ ಮೆಚ್ನಿಕಾಫ್ ಎಂಬ ವಿಜ್ಞಾನಿಯ ಬಗ್ಗೆ ಆತನ ಹೆಂಡತಿ ಓಲ್ಗಾ ಬರೆದ ಜೀವನ ಚರಿತ್ರೆ. ಮೈಕ್ರೋಬಯಾಲಜಿ ಓದಿದವರೆಲ್ಲ ಈ ಹೆಸರನ್ನು ಪರೀಕ್ಷೆಗಾಗಿ ಒಮ್ಮೆ ಬಾಯಿಪಾಠ ಮಾಡಿರುತ್ತಾರೆ. ನಾನೂ ಮಾಡಿದ್ದೆ. ಆದರೆ ಭಾವನ ಎದೆಯಲ್ಲಿ ನಡೆಯುತ್ತಿದ್ದುದಕ್ಕೆ ಮೊದಲ ಬಾರಿ ಅರ್ಥ ಹುಡುಕಿದ ಮನುಷ್ಯ ಆತ ಎಂಬುದು ಹೊಳೆದದ್ದು ಆ ಪಾರ್ಕಿಂಗಿನಲ್ಲಿ.

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಇಂದಿನ ಉಕ್ರೇನ್ ದೇಶದ ಖಾರ್ಕಿವ್ ಬಳಿಯ ಹಳ್ಳಿಯಲ್ಲಿ. ಐದು ಮಕ್ಕಳಲ್ಲಿ ಕೊನೆಯವನು. ತುಂಬಾ ಸೂಕ್ಷ್ಮ ಮನಸ್ಸಿನ ಹುಡುಗ. ಚಿಕ್ಕಂದಿನಲ್ಲೇ ಗಿಡ, ಹುಳುಗಳ ಬಗ್ಗೆ ಭಾಷಣ ಮಾಡುತ್ತಿದ್ದ. ಕೂತು ಕೇಳಲೆಂದು ಅಣ್ಣಂದಿರಿಗೆ ತನ್ನ ಪುಡಿಗಾಸನ್ನೇ ಕೊಡುತ್ತಿದ್ದನಂತೆ. ಡಾಕ್ಟರ್ ಆಗುವ ಆಸೆಯಿತ್ತು. ರೋಗಿಗಳ ನರಳಾಟ ನೋಡಿ ಈ ಮಗ ಬದುಕಲಾರ ಎಂದು ತಾಯಿ ತಡೆದಳು. ಹಾಗಾಗಿ ಪ್ರಾಣಿಶಾಸ್ತ್ರಕ್ಕೆ ಬಂದ. ನಾಲ್ಕು ವರ್ಷದ ವಿಶ್ವವಿದ್ಯಾಲಯದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದ. ಸಮುದ್ರದ ಪುಟ್ಟ ಪ್ರಾಣಿಗಳ ಭ್ರೂಣ ನೋಡುತ್ತ ಜರ್ಮನಿ, ಇಟಲಿ ಸುತ್ತಿದ. 25ನೇ ವಯಸ್ಸಿಗೆ ಒಡೆಸ್ಸಾದಲ್ಲಿ ಪ್ರಾಧ್ಯಾಪಕ.

ಬುದ್ಧಿ ಇಷ್ಟು ಚುರುಕಾದರೂ ಬದುಕು ನೆಟ್ಟಗಿರಲಿಲ್ಲ. 1869ರಲ್ಲಿ ಲುದ್ಮಿಲಾ ಎಂಬಾಕೆಯನ್ನು ಮದುವೆಯಾದ. ಕ್ಷಯದಿಂದ ಎಷ್ಟು ಬಳಲಿದ್ದಳೆಂದರೆ ಚರ್ಚಿಗೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ನಾಲ್ಕು ವರ್ಷ ಆಕೆಯನ್ನು ಉಳಿಸಿಕೊಳ್ಳಲು ಊರೂರು ಅಲೆದ. 1873ರಲ್ಲಿ ಮದೀರಾ ದ್ವೀಪದಲ್ಲಿ ಆಕೆ ತೀರಿಕೊಂಡಳು. ಅಂತ್ಯಕ್ರಿಯೆಗೂ ಹೋಗಲಾರದಷ್ಟು ಕುಸಿದ ಆತ ಮಾರ್ಫಿನ್ ನುಂಗಿದ. ಪ್ರಮಾಣ ಹೆಚ್ಚಾಗಿ ವಾಂತಿಯಾಯಿತು, ಬದುಕಿದ. ಮತ್ತೆ ಸಾಯುವ ಯೋಚನೆಯಲ್ಲೇ ಜಿನೀವಾದ ಸೇತುವೆಯ ಮೇಲೆ ನಡೆಯುತ್ತಿದ್ದಾಗ ದೀಪದ ಸುತ್ತ ಹಾರುವ ಹುಳುಗಳ ಹಿಂಡು ಕಂಡಿತು. ಇಷ್ಟು ಕಡಿಮೆ ಹೊತ್ತು ಬದುಕುವ ಇವುಗಳಿಗೆ ಪ್ರಕೃತಿಯ ಆಯ್ಕೆಯ ನಿಯಮ ಹೇಗೆ ಅನ್ವಯಿಸೀತು ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಪ್ರಶ್ನೆ ಹೊಕ್ಕ ಮೇಲೆ ಸಾಯುವುದು ಮರೆತುಹೋಯಿತು. ಇದನ್ನು ಓದುವಾಗ ಬೆಳಗಿನ ಜಾವ ಮೂರು ಗಂಟೆ. ಆಸ್ಪತ್ರೆಯ ಗೇಟಿನ ಟ್ಯೂಬ್‌ಲೈಟಿಗೂ ಹುಳು ಮುತ್ತಿದ್ದವು.

ಎರಡು ವರ್ಷದ ಬಳಿಕ ಓಲ್ಗಾಳನ್ನು ಮದುವೆಯಾದ. 1880ರಲ್ಲಿ ಆಕೆಗೆ ವಿಷಮಶೀತ ಜ್ವರ. ಮತ್ತೊಬ್ಬ ಹೆಂಡತಿಯೂ ಕೈಬಿಟ್ಟು ಹೋಗುವ ಭಯ. ಅದರ ಮೇಲೆ 1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾಗಿ ವಿಶ್ವವಿದ್ಯಾಲಯದಲ್ಲಿ ರಾಜಕೀಯದ ಕಿರುಕುಳ ಹೆಚ್ಚಿತು. ಆತ ಮರುಕಳಿಸುವ ಜ್ವರದ ರೋಗಿಯೊಬ್ಬನ ರಕ್ತವನ್ನು ತನಗೇ ಚುಚ್ಚಿಕೊಂಡ. ಸತ್ತರೆ ಸತ್ತಂತಾಯಿತು, ಈ ರೋಗ ರಕ್ತದಿಂದ ಹರಡುತ್ತದೆಯೇ ಎಂಬುದೂ ತಿಳಿದಂತಾಯಿತು ಎಂಬ ಲೆಕ್ಕ. ಜ್ವರದಲ್ಲಿ ಬೆಂದ, ಮತ್ತೆ ಎದ್ದ. ಅದಾದ ಮೇಲೆ ಆತನಲ್ಲಿ ಬದುಕುವ ಆಸೆ ಎಂದೂ ಬತ್ತಲಿಲ್ಲ ಎನ್ನುತ್ತಾಳೆ ಓಲ್ಗಾ.

1882ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೆಂಡತಿಯನ್ನೂ ಆಕೆಯ ತಮ್ಮತಂಗಿಯರನ್ನೂ ಕರೆದುಕೊಂಡು ಸಿಸಿಲಿಯ ಮೆಸ್ಸೀನಾಕ್ಕೆ ಹೋದ. ಸಮುದ್ರದ ಪಕ್ಕದ ಮನೆ. ಹಜಾರದಲ್ಲೇ ಮೈಕ್ರೋಸ್ಕೋಪ್. ಒಂದು ದಿನ ಮನೆಯವರೆಲ್ಲ ಪಳಗಿಸಿದ ಕೋತಿಗಳ ಆಟ ನೋಡಲು ಸರ್ಕಸ್ಸಿಗೆ ಹೋದರು. ಈತನೊಬ್ಬನೇ ಉಳಿದ. ನಕ್ಷತ್ರಮೀನಿನ ಮರಿ ಗಾಜಿನಂತೆ ಪಾರದರ್ಶಕ. ಒಳಗೆ ಅಲೆದಾಡುವ ಜೀವಕೋಶಗಳು ಹೊರಗಿನಿಂದಲೇ ಕಾಣುತ್ತವೆ. ಅವುಗಳನ್ನು ನೋಡುತ್ತಿದ್ದಂತೆ ಒಂದು ಯೋಚನೆ ಬಂತು: ಇವು ಬರೀ ಆಹಾರ ತಿನ್ನುವ ಕೋಶಗಳಲ್ಲ, ಹೊರಗಿನಿಂದ ನುಗ್ಗಿದ್ದನ್ನು ಎದುರಿಸುವ ಕಾವಲುಗಾರರೂ ಇರಬಹುದೇ? ಹಾಗಿದ್ದರೆ ಮುಳ್ಳು ಚುಚ್ಚಿದ ನಮ್ಮ ಬೆರಳಿನ ಸುತ್ತ ಕೀವು ಕಟ್ಟುವಂತೆ, ಈ ಮರಿಗೆ ಮುಳ್ಳು ಚುಚ್ಚಿದರೆ ಕೋಶಗಳು ಅದರ ಸುತ್ತ ನೆರೆಯಬೇಕು.

ಮನೆಯ ಮುಂದೆ ಪುಟ್ಟ ಕೈತೋಟ. ಕೆಲವು ದಿನ ಹಿಂದಷ್ಟೇ ಅಲ್ಲಿಯ ಕಿತ್ತಳೆ ಜಾತಿಯ ಗಿಡವೊಂದನ್ನು ಕ್ರಿಸ್ಮಸ್‌ಗೆಂದು ಮಕ್ಕಳಿಗಾಗಿ ಸಿಂಗರಿಸಿದ್ದರು. ಅಲ್ಲಿಂದ ಗುಲಾಬಿಯ ಮುಳ್ಳು ಕಿತ್ತು ತಂದು ನಕ್ಷತ್ರಮೀನಿನ ಮರಿಗಳ ಚರ್ಮದಡಿ ಸಿಕ್ಕಿಸಿದ. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಗಾಗುತ್ತಲೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ಮುಳ್ಳಿನ ಸುತ್ತ ಕೋಶಗಳ ಸಂತೆಯೇ ನೆರೆದಿತ್ತು. ಆ ಪ್ರಾಣಿಗೆ ರಕ್ತನಾಳವಿಲ್ಲ, ನರಮಂಡಲವೂ ಹೆಸರಿಗಷ್ಟೆ. ಆದರೂ ಕೋಶಗಳು ತಾವಾಗಿ ನಡೆದು ಬಂದಿದ್ದವು.

ಇದರಲ್ಲೇನು ದೊಡ್ಡದು ಎಂದು ನಿಮಗನಿಸಬಹುದು. ಆ ಕಾಲದ ವೈದ್ಯರು ಉರಿಯೂತವನ್ನು ಬರೀ ಕೇಡು ಎಂದು ನೋಡುತ್ತಿದ್ದರು. ರಕ್ತನಾಳ ಹಾಳಾಗಿ ಸೋರುತ್ತದೆ, ಬಿಳಿ ಕಣಗಳು ಹೊರಗೆ ಬೀಳುತ್ತವೆ, ಕ್ರಿಮಿಗಳನ್ನು ಹೊತ್ತು ಮೈತುಂಬ ಹರಡುತ್ತವೆ ಎಂದು ನಂಬಿದ್ದವರೇ ಹೆಚ್ಚು. ಮೆಚ್ನಿಕಾಫ್ ಅದನ್ನು ತಿರುವಿ ಹಾಕಿದ. ಉರಿಯೂತ ಎಂದರೆ ದೇಹ ಸೋಲುವುದಲ್ಲ, ದೇಹ ಹೋರಾಡುವುದು. ಅಂದಹಾಗೆ ನಮ್ಮ ಕನ್ನಡದ ಉರಿಯೂತ ಎಂಬ ಪದ ಎಷ್ಟು ಚೆನ್ನಾಗಿದೆ ನೋಡಿ. ಉರಿಯೂ ಇದೆ, ಊತವೂ ಇದೆ. ಕೆಂಪಗಾಗುವುದು ಮತ್ತು ನೋಯುವುದು ಸೇರಿದರೆ ಪ್ರಾಚೀನ ರೋಮಿನವರು ಪಟ್ಟಿ ಮಾಡಿದ ನಾಲ್ಕೂ ಲಕ್ಷಣಗಳಾದವು.

ಮೆಸ್ಸೀನಾಕ್ಕೆ ಬಂದಿದ್ದ ಜರ್ಮನಿಯ ಹಿರಿಯ ವೈದ್ಯ ವಿರ್ಕೋ ಇದನ್ನು ನೋಡಿ ಮೆಚ್ಚಿದ, ಎಚ್ಚರಿಕೆಯನ್ನೂ ಹೇಳಿದ. ಈ ತಿನ್ನುವ ಕೋಶಗಳಿಗೆ ಫಾಗೊಸೈಟ್ ಎಂಬ ಹೆಸರಾಯಿತು. ಅವುಗಳಲ್ಲಿ ದೊಡ್ಡವಕ್ಕೆ ಮೆಚ್ನಿಕಾಫ್ ಮ್ಯಾಕ್ರೊಫೇಜ್ ಎಂದ, ನಮ್ಮ ಮಾತಿನಲ್ಲಿ ದೊಡ್ಡ ತಿಂಡಿಪೋತ. ಇಂದಿಗೂ ಅದೇ ಹೆಸರು.

ಒಡೆಸ್ಸಾಕ್ಕೆ ಮರಳಿ ಹೊಸ ಲಸಿಕೆ ಸಂಸ್ಥೆಯನ್ನು ನಡೆಸಲು ಹೊರಟ. ಅಲ್ಲೊಂದು ಅನಾಹುತ. ಆತ ಊರಲ್ಲಿಲ್ಲದಾಗ ಸಹಾಯಕರು ನೆರಡಿ ರೋಗದ ಲಸಿಕೆ ಹಾಕಿದ ಸಾವಿರಾರು ಕುರಿಗಳು ಸತ್ತವು. 1888ರಲ್ಲಿ ಎಲ್ಲ ಬಿಟ್ಟು ಪ್ಯಾರಿಸ್‌ಗೆ ಹೋದ. ವೃದ್ಧ ಲೂಯಿ ಪಾಶ್ಚರ್ ತನ್ನ ಹೊಸ ಸಂಸ್ಥೆಯಲ್ಲಿ ಜಾಗ ಕೊಟ್ಟ. ಮುಂದಿನ 28 ವರ್ಷ ಅದೇ ಆತನ ಮನೆ, ಅದೇ ಲ್ಯಾಬ್. ಪರದೇಶಕ್ಕೆ ಹೊಟ್ಟೆಪಾಡಿಗೆ ಹೋದವನು ಅಲ್ಲಿಯವನೇ ಆಗಿಬಿಡುವ ಕತೆ ನಮಗೂ ಹೊಸದೇನಲ್ಲ.

ಇಲ್ಲಿ ನಮ್ಮ ಕಡೆಗೊಂದು ದಾರಿ ತೆರೆಯುತ್ತದೆ. ಒಡೆಸ್ಸಾದಲ್ಲಿ ಮೆಚ್ನಿಕಾಫ್‌ನ ಶಿಷ್ಯನಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಕೂಡ ಗುರುವಿನ ಹಿಂದೆಯೇ ಪ್ಯಾರಿಸ್‌ಗೆ ಬಂದ. ಸಿಕ್ಕಿದ್ದು ಗ್ರಂಥಪಾಲಕನ ಕೆಲಸ. ಮುಂದೆ ಆತ ಭಾರತಕ್ಕೆ ಬಂದು, ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಜ್ವರ ಬಂತು, ಚುಚ್ಚಿದ ಕಡೆ ಊದಿತು. ಗುರು ಹೇಳಿದ ಉರಿಯೂತವನ್ನು ಶಿಷ್ಯ ಸ್ವಂತ ಮೈಯಲ್ಲಿ ಕಂಡ. 1898ರ ಪ್ಲೇಗಿನಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದೇ ಲಸಿಕೆ ಹಾಕಿಸಿಕೊಂಡರು. ಮೆಸ್ಸೀನಾದ ನಕ್ಷತ್ರಮೀನಿಗೂ ಹುಬ್ಬಳ್ಳಿಗೂ ನಡುವೆ ಒಬ್ಬನೇ ಮನುಷ್ಯನ ಅಂತರ.

ಪ್ಯಾರಿಸ್‌ನ ವರ್ಷಗಳು ಜಗಳದ ವರ್ಷಗಳು. ರೋಗದಿಂದ ಕಾಪಾಡುವುದು ಕೋಶಗಳಲ್ಲ, ರಕ್ತದ ದ್ರವದಲ್ಲಿರುವ ಪದಾರ್ಥ ಎಂದು ಜರ್ಮನಿಯವರ ವಾದ. ಬೇರಿಂಗ್, ಕಾಖ್ ಅಂಥ ಘಟಾನುಘಟಿಗಳು ಎದುರಿಗೆ. ಸಮ್ಮೇಳನಗಳಲ್ಲಿ ಕೂದಲು ಕೆದರಿಕೊಂಡು, ಮುಖ ಕೆಂಪಗಾಗಿಸಿಕೊಂಡು ಈತ ಉತ್ತರ ಕೊಡುತ್ತಿದ್ದ. 1891ರಲ್ಲಿ ಉರಿಯೂತದ ಬಗ್ಗೆಯೇ ಉಪನ್ಯಾಸ ಮಾಲೆ ಕೊಟ್ಟು ಮರುವರ್ಷ ಪುಸ್ತಕವಾಗಿಸಿದ. ಕೊನೆಗೆ ಇಬ್ಬರೂ ಸರಿ ಎಂದಾಯಿತು. 1908ರ ನೊಬೆಲ್ ಪ್ರಶಸ್ತಿ ಮೆಚ್ನಿಕಾಫ್‌ಗೂ, ಎದುರು ಪಾಳಯದ ಪಾಲ್ ಏರ್ಲಿಕ್‌ಗೂ ಹಂಚಿಕೆಯಾಯಿತು.

ಓದುತ್ತ ನನಗೆ ಒಂದು ಸಿಟ್ಟೂ ಬರುತ್ತಿತ್ತು. ಈ ಮನುಷ್ಯ ಕಾವಲುಗಾರರನ್ನು ಇಷ್ಟು ಹೊಗಳುತ್ತಾನಲ್ಲ, ನಮ್ಮ ಭಾವನನ್ನು ಮಲಗಿಸಿರುವುದು ಅವರೇ ಅಲ್ಲವೇ?

ಭಾವನ ಶ್ವಾಸಕೋಶದಲ್ಲಿ ಆದದ್ದನ್ನು ಅಕ್ಕನಿಗೆ ನಾನು ಹೀಗೆ ವಿವರಿಸಿದ್ದೆ. ವೈರಸ್ ಮೊದಲ ದಿನಗಳಲ್ಲಿ ಸದ್ದಿಲ್ಲದೆ ಹೆಚ್ಚುತ್ತದೆ. ಸೋಂಕು ತಗಲಿದ ಕೋಶ ಇಂಟರ್‌ಫೆರಾನ್ ಎಂಬ ರಾಸಾಯನಿಕ ಬಿಟ್ಟು ಅಕ್ಕಪಕ್ಕದವರನ್ನು ಎಚ್ಚರಿಸಬೇಕು. ಕೊರೊನಾ ವೈರಸ್ ಈ ಎಚ್ಚರಿಕೆಯನ್ನೇ ಅಡಗಿಸಬಲ್ಲದು. ಮೊದಲ ಕೂಗು ತಡವಾದಾಗ ಆಮೇಲಿನ ಗದ್ದಲ ಮಿತಿಮೀರುತ್ತದೆ. ಮ್ಯಾಕ್ರೊಫೇಜ್‌ಗಳು ಶ್ವಾಸಕೋಶಕ್ಕೆ ಮುತ್ತಿ ಸೈಟೋಕೈನ್ ಎಂಬ ಸಂದೇಶಗಳನ್ನು ಸುರಿಸುತ್ತವೆ. ನಾನು ದಿನವೂ ಅಳೆಯುತ್ತಿದ್ದ ಐಎಲ್-6 ಅಂಥದ್ದೊಂದು. ಅದು ಯಕೃತ್ತಿಗೆ ಮುಟ್ಟಿದರೆ ಸಿಆರ್‌ಪಿ ಏರುತ್ತದೆ. ಸಂದೇಶ ಕೇಳಿ ಇನ್ನಷ್ಟು ಕೋಶಗಳು ಬರುತ್ತವೆ, ಅವೂ ಕೂಗುತ್ತವೆ. ಸಣ್ಣ ರಕ್ತನಾಳಗಳು ಸೋರಿ ಗಾಳಿಚೀಲಗಳಲ್ಲಿ ನೀರು ನಿಲ್ಲುತ್ತದೆ. ಒಳಗೊಳಗೇ ರಕ್ತ ಹೆಪ್ಪುಗಟ್ಟುತ್ತದೆ, ಡಿ-ಡೈಮರ್ ಏರುವುದು ಅದಕ್ಕೆ. ಉಸಿರು ಒಳಗೆ ಹೋದರೂ ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ. ಕಳ್ಳನನ್ನು ಹಿಡಿಯಲು ಬಂದ ಊರವರು ಮನೆಗೇ ಬೆಂಕಿ ಇಟ್ಟಂತೆ ಎಂದಿದ್ದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಬಂದವರೆಲ್ಲ ಅವರ ಮೈಯವರೇ ಅಲ್ಲೇನು ಎಂದು ಕೇಳಿದಳು.

ಈ ಬೆಂಕಿ ತಣಿಸಲು ಇರುವುದೇ ಸ್ಟೆರಾಯ್ಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂದಿತ್ತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಬರೀ ಆಮ್ಲಜನಕದ ಮೇಲಿದ್ದವರದು ಐದನೇ ಒಂದರಷ್ಟು ಇಳಿಯಿತು. ಆದರೆ ಆಮ್ಲಜನಕವೇ ಬೇಕಿಲ್ಲದ ರೋಗಿಗಳಿಗೆ ಪ್ರಯೋಜನ ಕಾಣಲಿಲ್ಲ, ಹಾನಿಯ ಸಾಧ್ಯತೆಯನ್ನೂ ತಳ್ಳಿಹಾಕಲಾಗಲಿಲ್ಲ. ಕಾರಣ ಸರಳ. ಮೊದಲ ವಾರ ವೈರಸ್ಸಿನದು. ಆಗ ಕಾವಲುಗಾರರು ಎಚ್ಚರವಿರಬೇಕು, ಅವರಿಗೆ ನಿದ್ದೆ ಮಾತ್ರೆ ಕೊಡಬಾರದು. ಎಂಟನೇ ದಿನದ ಅಮೃತ ಎರಡನೇ ದಿನಕ್ಕೆ ಅಮೃತವಲ್ಲ. ಸಾಲದ್ದಕ್ಕೆ ಅದು ಸಕ್ಕರೆಯನ್ನೂ ಏರಿಸುತ್ತದೆ.

ಇದೆಲ್ಲ ಆ ರಾತ್ರಿ ನನಗೆ ಗೊತ್ತಿತ್ತು. ಆ ಫಲಿತಾಂಶ ಬಂದು ಹತ್ತು ತಿಂಗಳಾಗಿತ್ತು, ಲ್ಯಾಬಿನಲ್ಲಿ ಚರ್ಚಿಸಿದ್ದೆವು. ಆದರೂ ಬೂಟು ಬಿಚ್ಚುತ್ತ ತಗೊಳ್ಳಿ ಎಂದಿದ್ದೆ. ಆಸ್ಪತ್ರೆ ಸೇರುವಾಗ ಭಾವನ ಸಕ್ಕರೆ 380 ಇತ್ತು. ಆ ಬೇಸಿಗೆಯಲ್ಲಿ ಮಹಾರಾಷ್ಟ್ರದ ಊರೂರಲ್ಲಿ ಸಕ್ಕರೆ ಕಾಯಿಲೆಯವರು ಕಪ್ಪು ಶಿಲೀಂಧ್ರಕ್ಕೆ ಕಣ್ಣು ಕಳೆದುಕೊಂಡರು. ಭಾವನಿಗೆ ಅದು ಬರಲಿಲ್ಲ. ನಾನು ತಗೊಳ್ಳಿ ಎಂದ ಆ ಮಾತ್ರೆಗಳಿಂದಲೇ ಅವರಿಗೆ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಲಾರರು. ಅವುಗಳಿಂದ ಏನೂ ಆಗಲಿಲ್ಲ ಎಂದೂ ಹೇಳಲಾರರು.

ಮೆಚ್ನಿಕಾಫ್ ಮೇಲಿನ ನನ್ನ ಸಿಟ್ಟು ಪುಸ್ತಕದ ಕೊನೆಯ ಭಾಗಕ್ಕೆ ಬಂದಾಗ ಇಳಿಯಿತು. ವಯಸ್ಸಾದಂತೆ ಆತನಿಗೂ ತನ್ನ ಕಾವಲುಗಾರರ ಮೇಲೆ ಅನುಮಾನ ಹುಟ್ಟಿತ್ತು. ಮುಪ್ಪಿನಲ್ಲಿ ಮ್ಯಾಕ್ರೊಫೇಜ್‌ಗಳು ಸ್ವಂತ ದೇಹವನ್ನೇ ತಿನ್ನತೊಡಗುತ್ತವೆ, ಕೂದಲಿನ ಬಣ್ಣವನ್ನು ತಿಂದು ನರೆಸುತ್ತವೆ, ನರಕೋಶಗಳನ್ನೂ ಬಿಡುವುದಿಲ್ಲ ಎಂದು ಬರೆದ. ಅವುಗಳನ್ನು ಕೆರಳಿಸುವುದು ದೊಡ್ಡ ಕರುಳಿನಲ್ಲಿ ಕೊಳೆಯುವ ವಿಷ ಎಂದು ನಂಬಿದ. ಕೂದಲು, ನರಗಳ ವಿವರ ಮುಂದೆ ನಿಲ್ಲಲಿಲ್ಲ. ಆದರೆ ಕಾಯುವವನೇ ಕೊಲ್ಲಬಹುದು ಎಂಬ ಮುಖ್ಯ ಅನುಮಾನ ನೂರು ವರ್ಷದ ಬಳಿಕ ನನ್ನ ಲ್ಯಾಬಿನ ಚೀಟಿಗಳಲ್ಲಿ ಬಂದು ಕೂತಿತ್ತು.

ಕರುಳಿನ ಕೊಳೆತಕ್ಕೆ ಆತ ಹುಡುಕಿದ ಮದ್ದು ಏನು ಗೊತ್ತೇ? ಮೊಸರು. ಬಲ್ಗೇರಿಯದ ರೈತರು ಹುಳಿ ಹಾಲು ಕುಡಿದು ದೀರ್ಘಕಾಲ ಬಾಳುತ್ತಾರೆಂದು ಕೇಳಿ, ಅದರ ಬ್ಯಾಕ್ಟೀರಿಯಾ ತರಿಸಿ ಹೆಪ್ಪು ಹಾಕಿ ದಿನವೂ ಕುಡಿದ. ಯುರೋಪಿನ ತುಂಬ ಮೊಸರಿನ ಹುಚ್ಚು ಹಬ್ಬಿತು. ರೋಣದ ಯಾವ ಅಜ್ಜಿಯೂ ಇದಕ್ಕೆ ನೊಬೆಲ್ ಕೇಳಿರಲಿಲ್ಲ.

ಮೊದಲ ಮಹಾಯುದ್ಧ ಶುರುವಾಗಿ ಲ್ಯಾಬಿನ ಹುಡುಗರೆಲ್ಲ ರಣರಂಗಕ್ಕೆ ಹೋದರು. ಆತನ ಹೃದಯ ಸೋತಿತ್ತು. ಹಾಸಿಗೆಯಲ್ಲೂ ತನ್ನ ನಾಡಿ, ತನ್ನ ಉಸಿರು, ಸಾವಿನ ಬಗ್ಗೆ ತನಗೆ ಭಯ ಇಲ್ಲದಿರುವುದು, ಎಲ್ಲವನ್ನೂ ಟಿಪ್ಪಣಿ ಮಾಡುತ್ತಿದ್ದ. ಸತ್ತ ಮೇಲೆ ತನ್ನ ಕರುಳನ್ನು ತಪ್ಪದೆ ಪರೀಕ್ಷಿಸಬೇಕೆಂದು ಸಹೋದ್ಯೋಗಿಯ ಬಳಿ ಕೇಳಿಕೊಂಡ. 1916ರ ಜುಲೈನಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡ. ಬೂದಿಯ ಪಾತ್ರೆ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಎರಡು ವರ್ಷದ ಬಳಿಕ ಬಂದ 1918ರ ಇನ್‌ಫ್ಲುಯೆನ್ಜಾವನ್ನು ಆತ ನೋಡಲಿಲ್ಲ. ಭಾರತದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು, ಅದರಲ್ಲೂ ಗಟ್ಟಿಮುಟ್ಟಾದ ಹರೆಯದವರು. ಅವರ ಕಾವಲು ಬಲವಾಗಿದ್ದದ್ದೇ ಮುಳುವಾಯಿತೇ ಎಂಬ ಚರ್ಚೆ ಇಂದಿಗೂ ಇದೆ. ಆತ ಬದುಕಿದ್ದರೆ ಆ ಶ್ವಾಸಕೋಶಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಏನೆನ್ನುತ್ತಿದ್ದನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಹನ್ನೊಂದನೇ ದಿನ ಭಾವನನ್ನು ಸಾಮಾನ್ಯ ವಾರ್ಡಿಗೆ ತಂದರು. ಮನೆಗೆ ಬಂದ ಮೇಲೂ ಮೂರು ವಾರ ಆಮ್ಲಜನಕದ ಯಂತ್ರ ಮಂಚದ ಪಕ್ಕದಲ್ಲಿತ್ತು. ಈಗ ಕೆಲಸಕ್ಕೆ ಹೋಗುತ್ತಾರೆ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ನಿಂತು, ಮೊಬೈಲ್ ನೋಡುವ ನೆಪದಲ್ಲಿ ಉಸಿರು ತಗೊಳ್ಳುತ್ತಾರೆ.

ಕಳೆದ ದೀಪಾವಳಿಗೆ ಸಂಭಾಜಿನಗರಕ್ಕೆ ಹೋಗಿದ್ದಾಗ, ಮಾಳಿಗೆಯ ಮೇಲೆ ಮಕ್ಕಳು ಪಟಾಕಿ ಹಚ್ಚುತ್ತಿದ್ದರು. ಆ ರಾತ್ರಿಯ ಫೋನಿನ ಮಾತನ್ನು ಭಾವನಿಗೆ ಹೇಳಿಬಿಟ್ಟೆ. ತಪ್ಪು ಸಲಹೆ ಕೊಟ್ಟೆ, ಕೊಡಬಾರದಿತ್ತು, ನನಗೆ ಗೊತ್ತಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಹಾಗೊಂದು ಫೋನ್ ಮಾಡಿದ್ದೇ ತಮಗೆ ನೆನಪಿಲ್ಲ ಎಂದರು. ಐಸಿಯುವಿನ ದಿನಗಳಲ್ಲಿ ನೆನಪಿರುವುದು ಒಂದೇ ಅಂತೆ. ಮೂಗಿನಲ್ಲಿ ಜೋರಾಗಿ ನುಗ್ಗುವ ಗಾಳಿಗೆ ಬಾಯಿ, ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಹಗಲೂ ರಾತ್ರಿ ಬರೀ ನೀರಡಿಕೆ. ಊರಿನ ಮಜ್ಜಿಗೆ ಸಿಕ್ಕರೆ ಸಾಕು ಅನಿಸುತ್ತಿತ್ತಂತೆ.

ಅಜ್ಜಿ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು, ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಅಡುಗೆಮನೆಗೆ ಹೋದರು.